ಸ್ಪೀಡ್ ಕ್ಯಾಮೆರಾ: ಯಾವ ರಸ್ತೆಗೆ ಯಾವುದು ಹೊಂದುತ್ತದೆ?

ಹೆದ್ದಾರಿ ಪಕ್ಕದ ಊರಿನವರಿಗೆ ಇದು ಚೆನ್ನಾಗಿ ಗೊತ್ತು. ಒಂದು ದೊಡ್ಡ ಅಪಘಾತ ಆಗುತ್ತದೆ. ಜನ ರಸ್ತೆ ತಡೆದು ಕೂರುತ್ತಾರೆ. ಅಧಿಕಾರಿಗಳು ಬರುತ್ತಾರೆ. ಕೊಡುವ ಮನವಿಯಲ್ಲಿ ಎರಡು ಬೇಡಿಕೆ ಇದ್ದೇ ಇರುತ್ತವೆ: ಹಂಪ್ ಹಾಕಿಸಿ, ಇಲ್ಲದಿದ್ದರೆ ಸ್ಪೀಡ್ ಕ್ಯಾಮೆರಾ ಹಾಕಿಸಿ. ಯಾವ ಬಗೆಯ ಕ್ಯಾಮೆರಾ ಎಂದು ಮಾತ್ರ ಯಾರೂ ಬರೆಯುವುದಿಲ್ಲ.

ಬರೆಯಬೇಕು. ವೇಗ ಹಿಡಿಯುವ ಉಪಕರಣಗಳೆಲ್ಲ ಒಂದೇ ಅಲ್ಲ. ರೇಡಾರ್ ಇದೆ, ಲೇಸರ್ ಇದೆ, ಡಾಂಬರಿನೊಳಗೆ ಹೂಳುವ ತಂತಿ ಇದೆ. ಎರಡು ಕಡೆ ಕ್ಯಾಮೆರಾ ನಿಲ್ಲಿಸಿ ಸರಾಸರಿ ವೇಗ ಲೆಕ್ಕ ಹಾಕುವ ಪದ್ಧತಿಯೂ ಇದೆ. ಶಾಲೆ ಮುಂದಿನ ರಸ್ತೆಗೆ ಹೊಂದುವುದು ನಾಲ್ಕು ಪಥದ ಹೆದ್ದಾರಿಗೆ ಹೊಂದುವುದಿಲ್ಲ. ಜಾಗ ತಪ್ಪಿದರೆ ಚಲನ್‌ಗಳು ಬೀಳುತ್ತಲೇ ಇರುತ್ತವೆ, ಸಾವೂ ಆಗುತ್ತಲೇ ಇರುತ್ತದೆ.

ಇದು ಸಣ್ಣ ವಿಷಯ ಅಲ್ಲ. ಕೇಂದ್ರ ಸಾರಿಗೆ ಸಚಿವಾಲಯದ ಲೆಕ್ಕದಂತೆ 2022ರಲ್ಲಿ ದೇಶದ ರಸ್ತೆಗಳಲ್ಲಿ 1,68,491 ಜನ ತೀರಿಕೊಂಡರು. ಅದರಲ್ಲಿ ಶೇ. 71ರಷ್ಟು ಸಾವುಗಳಿಗೆ ಅತಿವೇಗವೇ ಕಾರಣ ಎಂದು ದಾಖಲಾಗಿದೆ. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಇನ್ನೊಂದು ಲೆಕ್ಕ ನೋಡಿ. ಕಾರು ಗುದ್ದಿದಾಗ ಅದರ ವೇಗ 50 ಕಿ.ಮೀ. ಬದಲು 65 ಕಿ.ಮೀ. ಇದ್ದರೆ, ನಡೆದು ಹೋಗುವವರು ಸಾಯುವ ಅಪಾಯ ನಾಲ್ಕೂವರೆ ಪಟ್ಟು ಜಾಸ್ತಿ. ಓಡಿಸುವವರಿಗೆ ಆ ಹದಿನೈದು ಕಿಲೋಮೀಟರಿನ ವ್ಯತ್ಯಾಸ ಗೊತ್ತೇ ಆಗುವುದಿಲ್ಲ, ಅಲ್ವಾ?

ಕ್ಯಾಮೆರಾ ಬೇರೆ, ವೇಗ ಅಳೆಯುವ ಯಂತ್ರ ಬೇರೆ

ಕಂಬದ ಮೇಲೆ ಬಿಳಿ ಡಬ್ಬ ಕಂಡರೆ ಸಾಕು, ಸ್ಪೀಡ್ ಕ್ಯಾಮೆರಾ ಅಂದುಕೊಳ್ಳುತ್ತೇವೆ. ಸಾಮಾನ್ಯವಾಗಿ ಕ್ಯಾಮೆರಾದ ಕೆಲಸ ಫೋಟೊ ತೆಗೆಯುವುದು, ನಂಬರ್ ಪ್ಲೇಟ್ ಓದುವುದು, ಅಷ್ಟೇ. ವೇಗ ಅಳೆಯಲು ಅದರ ಜೊತೆ ಬೇರೆಯೇ ಒಂದು ಸೆನ್ಸರ್ ಇರಬೇಕು.

ಕೇರಳದಲ್ಲಿ 2023ರ ಜೂನ್‌ನಿಂದ ದಂಡ ಹಾಕಲು ಶುರು ಮಾಡಿದ 726 ಕ್ಯಾಮೆರಾಗಳನ್ನೇ ನೋಡಿ. ಕಾಸರಗೋಡು, ಮಂಜೇಶ್ವರದ ಕಡೆ ಓಡಾಡುವ ನಮ್ಮವರು ಅವನ್ನೆಲ್ಲ ಸ್ಪೀಡ್ ಕ್ಯಾಮೆರಾ ಎಂದೇ ಹೇಳುತ್ತಿದ್ದರು. ಆದರೆ ಅವುಗಳಲ್ಲಿ 675 ಕ್ಯಾಮೆರಾಗಳು ಇರುವುದು ಹೆಲ್ಮೆಟ್, ಸೀಟ್ ಬೆಲ್ಟ್‌ನಂಥ ತಪ್ಪು ಹಿಡಿಯಲು. ವೇಗ ಅಳೆಯುವವು ಬೆರಳೆಣಿಕೆಯಷ್ಟು. ಹಾಗಾಗಿ ‘ಎಐ ಕ್ಯಾಮೆರಾ ಹಾಕುತ್ತೇವೆ’ ಎಂದು ಯಾರಾದರೂ ಹೇಳಿದರೆ ಕೇಳಬೇಕಾದ ಮೊದಲ ಪ್ರಶ್ನೆ: ಇದು ವೇಗವನ್ನು ಯಾವುದರಿಂದ ಅಳೆಯುತ್ತದೆ?

ವಿಡಿಯೊ ನೋಡಿಯೇ ವೇಗ ಲೆಕ್ಕ ಹಾಕುವ ಸಾಫ್ಟ್‌ವೇರ್‌ಗಳೂ ಇವೆ. ಗಾಡಿ ಚಿತ್ರದಲ್ಲಿ ಎಷ್ಟು ಸರಿಯಿತು ಎಂಬುದರ ಮೇಲೆ ಅವುಗಳ ಲೆಕ್ಕ ನಿಂತಿದೆ. ಗಾಳಿಗೆ ಕಂಬ ಸ್ವಲ್ಪ ವಾಲಿದರೂ, ಲಾರಿ ತಾಗಿ ಕ್ಯಾಮೆರಾ ತಿರುಗಿದರೂ ಆ ಲೆಕ್ಕ ಕೆಡುತ್ತದೆ. ಸಂಚಾರದ ಅಂದಾಜಿಗೆ ಅದು ಸಾಕು. ದಂಡ ಹಾಕಲು ಅದೊಂದನ್ನೇ ನಂಬುವುದು ನನಗೆ ಸರಿ ಕಾಣುವುದಿಲ್ಲ.

ರೇಡಾರ್: ಒಂದು ಜಾಗವನ್ನು ಕಾಯುವುದಕ್ಕೆ

ರೈಲ್ವೆ ಗೇಟಿನಲ್ಲಿ ನಿಂತಾಗ ರೈಲಿನ ಹಾರ್ನ್ ಹತ್ತಿರ ಬರುವಾಗ ಕೀಚಲಾಗಿ ಕೇಳುತ್ತದೆ, ದಾಟಿದ ಕೂಡಲೇ ದಪ್ಪಗಾಗುತ್ತದೆ. ರೇಡಾರ್ ಬಳಸುವುದು ಇದೇ ಗುಣವನ್ನು, ಶಬ್ದದ ಬದಲು ರೇಡಿಯೊ ಅಲೆಯಲ್ಲಿ. ರಸ್ತೆ ಬದಿಯ ಯಂತ್ರ ಸಾಮಾನ್ಯವಾಗಿ 24 ಗಿಗಾಹರ್ಟ್ಸ್ ಆಸುಪಾಸಿನ ಅಲೆ ಬಿಡುತ್ತದೆ. ಅಂದರೆ ಸೆಕೆಂಡಿಗೆ ಸುಮಾರು 2,400 ಕೋಟಿ ಕಂಪನ. ಗಂಟೆಗೆ 80 ಕಿ.ಮೀ. ವೇಗದಲ್ಲಿ ನೇರ ಎದುರಿಗೆ ಬರುವ ಕಾರಿಗೆ ತಾಗಿ ಅಲೆ ಮರಳಿದಾಗ ಅದರಲ್ಲಿ ಸೆಕೆಂಡಿಗೆ ಸುಮಾರು 3,550 ಕಂಪನ ಜಾಸ್ತಿ ಇರುತ್ತವೆ. 2,400 ಕೋಟಿಯ ಮುಂದೆ ಇದು ಏನೂ ಅಲ್ಲ. ಆದರೆ ಬಿಟ್ಟ ಅಲೆಯನ್ನೂ ಮರಳಿದ ಅಲೆಯನ್ನೂ ಬೆರೆಸಿದರೆ ವ್ಯತ್ಯಾಸವಷ್ಟೇ ಉಳಿಯುತ್ತದೆ. ಅದನ್ನು ಯಂತ್ರ ಸುಲಭವಾಗಿ ಎಣಿಸುತ್ತದೆ. ಆ ಎಣಿಕೆಯೇ ವೇಗ.

ಫೋಟೊ ರೇಡಾರಿನಲ್ಲಿ ಒಂದು ಸೂಕ್ಷ್ಮ ಇದೆ. ಅಲೆಯನ್ನು ರಸ್ತೆಯ ಉದ್ದಕ್ಕೆ ಬಿಡುವುದಿಲ್ಲ, ಓರೆಯಾಗಿ ರಸ್ತೆಗೆ ಅಡ್ಡ ಬಿಡುತ್ತಾರೆ. ಹಾಗೆ ಮಾಡಿದರೆ ಒಂದು ಸಲಕ್ಕೆ ಒಂದೇ ಗಾಡಿ ಅಲೆಯೊಳಗೆ ಬರುವ ಸಾಧ್ಯತೆ ಜಾಸ್ತಿ, ಯಾವ ಗಾಡಿ ಎಂಬ ಅನುಮಾನ ಕಡಿಮೆ. ಆದರೆ ಓರೆಯಿಂದ ನೋಡಿದಾಗ ವೇಗ ಇದ್ದದ್ದಕ್ಕಿಂತ ಕಡಿಮೆ ಕಾಣುತ್ತದೆ. 20 ಡಿಗ್ರಿ ಓರೆ ಇದ್ದರೆ 100 ಕಿ.ಮೀ. ವೇಗ 94 ಎಂದು ಕಾಣುತ್ತದೆ. ಯಂತ್ರ ಅದನ್ನು ಲೆಕ್ಕ ಹಾಕಿ ಸರಿಪಡಿಸಿಕೊಳ್ಳುತ್ತದೆ.

ಎಡವಟ್ಟು ಆಗುವುದು ಇಲ್ಲೇ. ಯಂತ್ರ 20 ಡಿಗ್ರಿ ಎಂದು ನಂಬಿದೆ, ಆದರೆ ಕೂರಿಸಿದವರು 15 ಡಿಗ್ರಿಗೆ ಕೂರಿಸಿದ್ದಾರೆ ಅನ್ನಿ. ಆಗ 100ರಲ್ಲಿ ಹೋಗುವ ಗಾಡಿ ಹತ್ತಿರ ಹತ್ತಿರ 103 ಎಂದು ದಾಖಲಾಗುತ್ತದೆ. ತಪ್ಪು ಮಾಡದವರ ಮನೆಗೆ ಚಲನ್ ಹೋಗಬಹುದು. ಆದ್ದರಿಂದ ರೇಡಾರ್ ಎಷ್ಟು ಒಳ್ಳೆಯ ಕಂಪನಿಯದ್ದು ಎನ್ನುವುದಕ್ಕಿಂತ ಅದನ್ನು ಯಾರು ಕೂರಿಸಿದರು, ಕೋನವನ್ನು ಮತ್ತೆ ಯಾವಾಗ ನೋಡಿದರು ಎನ್ನುವುದು ಮುಖ್ಯ. ತಿರುವಿನಲ್ಲಿ ಇಂಥ ಯಂತ್ರ ಹಾಕಲೇಬಾರದು. ಅಲ್ಲಿ ಗಾಡಿಯ ದಿಕ್ಕೇ ಕ್ಷಣಕ್ಷಣಕ್ಕೆ ಬದಲಾಗುತ್ತದೆ. ಪಕ್ಕದಲ್ಲಿ ದೊಡ್ಡ ತಗಡಿನ ಬೋರ್ಡ್, ಲೋಹದ ಬೇಲಿ ಇದ್ದರೂ ಅಲೆ ಅಲ್ಲಿ ಬಡಿದು ಬೇರೆ ಗಾಡಿಯ ಲೆಕ್ಕ ಬರುವ ಅಪಾಯ ಉಂಟು.

ಈ ಅನುಮಾನಕ್ಕೆ ಒಂದು ಹಳೆಯ, ಬಹಳ ಒಳ್ಳೆಯ ಪರಿಹಾರ ಇದೆ. ಅದು ಗಾಟ್ಸೊ ಕ್ಯಾಮೆರಾದ್ದು. ಇದರ ಹಿಂದಿರುವುದು ಮಾರಿಸ್ ಗಾಟ್ಸೊನಿಡೆಸ್ ಎಂಬ ಹಾಲೆಂಡಿನ ರ‍್ಯಾಲಿ ಚಾಲಕ. 1953ರ ಮಾಂಟೆ ಕಾರ್ಲೊ ರ‍್ಯಾಲಿ ಗೆದ್ದವರು. ತಿರುವಿನಲ್ಲಿ ತಾನು ಎಷ್ಟು ವೇಗವಾಗಿ ಹೋಗುತ್ತಿದ್ದೇನೆ ಎಂದು ಅಳೆದುಕೊಳ್ಳಲು ಅವರು ಮಾಡಿಕೊಂಡ ಸಾಧನವೇ ಮುಂದೆ ಪೊಲೀಸರ ಕೈ ಸೇರಿತು. ಬ್ರಿಟನ್ನಿನಲ್ಲಿ 1992ರಲ್ಲಿ ಮೊದಲ ಗಾಟ್ಸೊ ಕ್ಯಾಮೆರಾ ಬಂದದ್ದು ಟ್ವಿಕನ್‌ಹ್ಯಾಮ್ ಸೇತುವೆ ಮೇಲೆ. ಅಲ್ಲಿ ರಸ್ತೆಯ ಮೇಲೆ ಅಳತೆ ಮಾಡಿ ಬಿಳಿ ಗೆರೆ ಎಳೆಯುತ್ತಾರೆ. ರೇಡಾರ್ ವೇಗ ಹಿಡಿದ ಕೂಡಲೇ ಕ್ಯಾಮೆರಾ ಅರ್ಧ ಸೆಕೆಂಡಿನ ಅಂತರದಲ್ಲಿ ಎರಡು ಫೋಟೊ ತೆಗೆಯುತ್ತದೆ. 80ರಲ್ಲಿ ಹೋಗುವ ಗಾಡಿ ಅರ್ಧ ಸೆಕೆಂಡಿನಲ್ಲಿ 11 ಮೀಟರ್ ಸರಿಯಬೇಕು. ಗೆರೆ ಎಣಿಸಿದರೆ ಗೊತ್ತಾಗುತ್ತದೆ. ರೇಡಾರ್ ಒಂದು ಹೇಳಿ ಗೆರೆ ಇನ್ನೊಂದು ಹೇಳಿದರೆ ಆ ಚಲನ್ ಬೀಳುವುದಿಲ್ಲ.

ನನಗೆ ಇದು ಬಹಳ ಇಷ್ಟದ ಪದ್ಧತಿ. ಭೌತಶಾಸ್ತ್ರ ಗೊತ್ತಿಲ್ಲದವರೂ ಸ್ಕೇಲ್ ಹಿಡಿದು ತಮ್ಮ ಚಲನ್ ತಾವೇ ಪರೀಕ್ಷೆ ಮಾಡಬಹುದು. ನಮ್ಮಲ್ಲಿ ಸ್ಪೀಡ್ ಕ್ಯಾಮೆರಾ ಹಾಕುವ ಕಡೆಯೆಲ್ಲ ಈ ಗೆರೆಗಳು ಇರಬೇಕು. ಅದಕ್ಕೆ ಬೇಕಾಗುವುದು ಒಂದಿಷ್ಟು ಬಿಳಿ ಬಣ್ಣ.

ಈಗಿನ ಹೊಸ ರೇಡಾರ್‌ಗಳು ಹಲವು ಪಥಗಳಲ್ಲಿ ಬರುವ ಗಾಡಿಗಳನ್ನು ಒಟ್ಟಿಗೆ ಹಿಂಬಾಲಿಸುತ್ತವೆ. ವೇಗದ ಜೊತೆ ದೂರ, ದಿಕ್ಕು ಎರಡನ್ನೂ ಅಳೆಯುತ್ತವೆ. ನಾಲ್ಕು ಪಥಕ್ಕೆ ಒಂದೇ ಯಂತ್ರ ಸಾಕಾಗುತ್ತದೆ. ಮಳೆ, ಧೂಳು, ಕತ್ತಲು ಯಾವುದೂ ರೇಡಾರಿಗೆ ದೊಡ್ಡ ತೊಂದರೆ ಅಲ್ಲ. ಕರಾವಳಿಯ ಮಳೆಗಾಲಕ್ಕೆ ಇದು ಒಳ್ಳೆಯ ಗುಣ. ಆದರೆ ಅದೇ ಮಳೆಯಲ್ಲಿ ಫೋಟೊ ಮಸುಕಾದರೆ ಏನೂ ಉಪಯೋಗವಿಲ್ಲ ಎನ್ನುವುದೂ ನೆನಪಿರಲಿ.

ದೊಡ್ಡ ಕೊರತೆ ಬೇರೆ ಇದೆ. ಇದು ಒಂದು ಜಾಗವನ್ನಷ್ಟೇ ಕಾಯುತ್ತದೆ. ಕಂಬ ಎಲ್ಲಿದೆ ಎಂದು ದಿನಾ ಓಡಾಡುವವರಿಗೆ ಗೊತ್ತು, ಹೊಸಬರಿಗೆ ಫೋನಿನ ಮ್ಯಾಪ್ ಹೇಳುತ್ತದೆ. ಹತ್ತಿರ ಬಂದಾಗ ಬ್ರೇಕ್, ದಾಟಿದ ಮೇಲೆ ಮತ್ತೆ ಆಕ್ಸಿಲರೇಟರ್. ಹಾಗಾಗಿ ಜನ ದಾಟುವ ನಿಶ್ಚಿತ ಜಾಗ ಇರುವಲ್ಲಿ ಮಾತ್ರ ಇದು ಸರಿಯಾದ ಆಯ್ಕೆ: ಶಾಲೆ, ಆಸ್ಪತ್ರೆ, ಸಂತೆ ಮೈದಾನ, ಬಸ್ ಸ್ಟ್ಯಾಂಡ್ ಎದುರಿನ ಕ್ರಾಸ್. ಅಲ್ಲಿ ನಮಗೆ ಬೇಕಾದದ್ದೂ ಅಷ್ಟೇ. ಆ ಇನ್ನೂರು ಮೀಟರಿನಲ್ಲಿ ಎಲ್ಲರೂ ನಿಧಾನವಾಗಿ ಹೋದರೆ ಸಾಕು.

ಲೇಸರ್ ಗನ್: ಕೈಯಲ್ಲಿ ಹಿಡಿಯುವ ಯಂತ್ರ

ಇಂಟರ್‌ಸೆಪ್ಟರ್ ಗಾಡಿ ಪಕ್ಕದಲ್ಲಿ ಪೊಲೀಸರು ಸ್ಟ್ಯಾಂಡ್ ಮೇಲೆ ಇಟ್ಟು ನೋಡುತ್ತಿರುವುದು ಹೆಚ್ಚಾಗಿ ಇದೇ. ಇದು ಕಣ್ಣಿಗೆ ಕಾಣದ ಬೆಳಕಿನ ಚಿಕ್ಕ ಚಿಕ್ಕ ಮಿಂಚು ಬಿಡುತ್ತದೆ. ಬೆಳಕು ಒಂದು ಸೆಕೆಂಡಿನ ನೂರು ಕೋಟಿಯ ಒಂದು ಪಾಲಿನಲ್ಲಿ 30 ಸೆಂ.ಮೀ. ಹೋಗುತ್ತದೆ. ಗಾಡಿಗೆ ತಾಗಿ ಮರಳಲು ಎಷ್ಟು ಹೊತ್ತಾಯಿತು ಎಂಬುದರಿಂದ ದೂರ ಗೊತ್ತಾಗುತ್ತದೆ. ಅರ್ಧ ಸೆಕೆಂಡಿನೊಳಗೆ ಹತ್ತಾರು, ನೂರಾರು ಸಲ ದೂರ ಅಳೆದು, ಅದು ಹೇಗೆ ಕಡಿಮೆಯಾಗುತ್ತಿದೆ ಎಂದು ನೋಡಿದರೆ ವೇಗ ಸಿಗುತ್ತದೆ.

ಇದರ ದೊಡ್ಡ ಲಾಭ ಗುರಿ. ಸಾಮಾನ್ಯ ಲೇಸರ್ ಗನ್ನಿನ ಬೆಳಕು 300 ಮೀಟರ್ ದೂರದಲ್ಲಿ ಒಂದು ಮೀಟರಿಗಿಂತ ಕಡಿಮೆ ಅಗಲ ಇರುತ್ತದೆ. ಕೈಯಲ್ಲಿ ಹಿಡಿಯುವ ಹಳೆಯ ರೇಡಾರ್ ಗನ್ನಿನ ಅಲೆ 12 ಡಿಗ್ರಿಯಷ್ಟು ಹರಡಿದರೆ ಅದೇ ದೂರದಲ್ಲಿ 60 ಮೀಟರ್ ದಾಟುತ್ತದೆ. ಅಂದರೆ ಇಡೀ ರಸ್ತೆ, ಪಕ್ಕದ ಹೊಲ, ಎಲ್ಲ ಅದರೊಳಗೆ. ನಾಲ್ಕು ಬೈಕ್, ಎರಡು ಆಟೊ, ಒಂದು ಬಸ್ ಒಟ್ಟಿಗೆ ಬರುವ ನಮ್ಮ ರಸ್ತೆಗಳಲ್ಲಿ ಯಾವ ಗಾಡಿಯ ವೇಗ ಎಂದು ಖಚಿತವಾಗಿ ಹೇಳಲು ಲೇಸರೇ ಬೇಕು.

ಕೊರತೆಗಳೂ ಇವೆ. ಹಿಡಿದವರ ಕೈ ಅಲುಗಿ ಬೆಳಕಿನ ಚುಕ್ಕೆ ಕಾರಿನ ಕನ್ನಡಿಯಿಂದ ಬಾನೆಟ್ ಮೇಲೆ ಜಾರಿದರೆ ದೂರದ ಲೆಕ್ಕ ಏರುಪೇರಾಗುತ್ತದೆ. ಒಳ್ಳೆಯ ಯಂತ್ರಗಳು ಇಂಥ ಅಳತೆಯನ್ನು ತಾವೇ ತಳ್ಳಿಹಾಕುತ್ತವೆ. ಆದರೂ ಕೈಯಲ್ಲಿ ಹಿಡಿಯುವುದಕ್ಕಿಂತ ಸ್ಟ್ಯಾಂಡ್ ಮೇಲೆ ಇಡುವುದು ಮೇಲು. ದಟ್ಟ ಮಂಜಿನಲ್ಲಿ, ಜೋರು ಮಳೆಯಲ್ಲಿ ಲೇಸರ್ ಸೋಲುತ್ತದೆ. ಶಿರಾಡಿ, ಚಾರ್ಮಾಡಿ ಕಡೆ ಜುಲೈನಲ್ಲಿ ಇದನ್ನು ನಂಬಿ ಕೂರುವ ಹಾಗಿಲ್ಲ. ಮತ್ತೆ, ಇದಕ್ಕೆ ಜನ ಬೇಕು. ಪೊಲೀಸರು ಹೋದ ಮೇಲೆ ರಸ್ತೆ ಮೊದಲಿನ ಹಾಗೆಯೇ.

ಹಾಗಂತ ಇದನ್ನು ಬಿಡಬೇಡಿ. ಕಂಬ ಎಲ್ಲಿ ಹಾಕಬೇಕು ಎಂದು ತೀರ್ಮಾನಿಸುವ ಮೊದಲು ಬೇರೆ ಬೇರೆ ಹೊತ್ತಿನಲ್ಲಿ, ಬೇರೆ ಬೇರೆ ಜಾಗದಲ್ಲಿ ನಿಂತು ವೇಗ ಅಳೆಯಲು ಇದಕ್ಕಿಂತ ಒಳ್ಳೆಯ ಸಾಧನ ಇಲ್ಲ. ಬೆಳಗಿನ ಜಾವ ನಾಲ್ಕಕ್ಕೆ ಜಾಸ್ತಿ ವೇಗವೋ, ಶಾಲೆ ಬಿಡುವ ಹೊತ್ತಿನಲ್ಲೋ? ಬರುವ ಕಡೆಯೋ, ಹೋಗುವ ಕಡೆಯೋ? ಒಂದು ವಾರ ಅಳೆದರೆ ಗೊತ್ತಾಗುತ್ತದೆ.

ಡಾಂಬರಿನೊಳಗಿನ ತಂತಿ

ಇದರ ಬಗ್ಗೆ ಜಾಸ್ತಿ ಹೇಳುವುದಿಲ್ಲ. ರಸ್ತೆ ಕೊರೆದು ಸುರುಳಿ ತಂತಿಯನ್ನೋ ಒತ್ತಡಕ್ಕೆ ವಿದ್ಯುತ್ ಹುಟ್ಟಿಸುವ ಪಟ್ಟಿಯನ್ನೋ ಹೂಳುತ್ತಾರೆ. ಗಾಡಿ ಮೊದಲನೆಯದನ್ನು ದಾಟಿ ಎರಡನೆಯದನ್ನು ಮುಟ್ಟಲು ಎಷ್ಟು ಹೊತ್ತು ಎಂದು ಎಣಿಸುತ್ತಾರೆ. ಲೆಕ್ಕ ಸರಳ, ಅಳತೆ ನಿಖರ, ಯಾವ ಪಥದ ಗಾಡಿ ಎಂಬ ಅನುಮಾನವೂ ಇಲ್ಲ. ದಕ್ಷಿಣ ಆಫ್ರಿಕಾದಲ್ಲಿ ಹುಟ್ಟಿದ ಟ್ರುವೆಲೊ ಕ್ಯಾಮೆರಾಗಳು ಇದೇ ಪದ್ಧತಿಯವು.

ನಮ್ಮ ರಸ್ತೆಗೆ ಮಾತ್ರ ಬೇಡ. ಕುಡಿಯುವ ನೀರಿನ ಪೈಪಿಗೆ ಒಮ್ಮೆ, ಕೇಬಲ್‌ಗೆ ಒಮ್ಮೆ ಅಗೆಯುವ ರಸ್ತೆಯಲ್ಲಿ ತಂತಿ ಉಳಿಯುವುದಿಲ್ಲ. ಹೊಸ ಡಾಂಬರು ಹಾಕಿದಾಗಲೆಲ್ಲ ಮತ್ತೆ ಕೊರೆಯಬೇಕು. ಪಥದ ಅಂಚಿನಲ್ಲಿ ಹೋಗುವ ಬೈಕುಗಳು ತಂತಿಗೆ ಸಿಗದೆ ತಪ್ಪಿಸಿಕೊಳ್ಳುತ್ತವೆ. ನಮ್ಮಲ್ಲಿ ಬೈಕೇ ತಾನೇ ಜಾಸ್ತಿ?

ಸರಾಸರಿ ವೇಗ: ಹೆದ್ದಾರಿಗೆ ಇದೇ ಸರಿ

ಇದು ನನ್ನ ಗಟ್ಟಿ ಅಭಿಪ್ರಾಯ, ಕಾರಣ ಹೇಳುತ್ತೇನೆ.

ಇಲ್ಲಿ ರೇಡಾರೂ ಬೇಡ, ಲೇಸರೂ ಬೇಡ. ಒಂದು ಕ್ಯಾಮೆರಾ ಇಲ್ಲಿ, ಇನ್ನೊಂದು ಹತ್ತು ಕಿಲೋಮೀಟರ್ ಆಚೆ. ಎರಡೂ ನಂಬರ್ ಪ್ಲೇಟ್ ಓದಿ ಸಮಯ ಬರೆದುಕೊಳ್ಳುತ್ತವೆ. 80 ಕಿ.ಮೀ. ಮಿತಿ ಇರುವ ರಸ್ತೆಯಲ್ಲಿ ಹತ್ತು ಕಿಲೋಮೀಟರಿಗೆ ಏಳೂವರೆ ನಿಮಿಷ ಬೇಕು. ನೀವು ಆರೇ ನಿಮಿಷದಲ್ಲಿ ಬಂದರೆ ಸರಾಸರಿ 100ರಲ್ಲಿ ಬಂದಿದ್ದೀರಿ. ಐದನೇ ಕ್ಲಾಸಿನ ಗಣಿತ. ಚಲನ್ ಬಂದವರು ತಾವೇ ಲೆಕ್ಕ ಹಾಕಿ ನೋಡಬಹುದು.

ತಪ್ಪಿನ ಪ್ರಮಾಣವೂ ಕಡಿಮೆ. ಗಡಿಯಾರಗಳಲ್ಲಿ ಒಂದು ಸೆಕೆಂಡ್ ವ್ಯತ್ಯಾಸ ಇದೆ ಅನ್ನಿ. ಏಳೂವರೆ ನಿಮಿಷದಲ್ಲಿ ಒಂದು ಸೆಕೆಂಡ್ ಎಂದರೆ ಶೇ. 0.22 ಮಾತ್ರ. ಅದೇ ಅರ್ಧ ಕಿಲೋಮೀಟರಿನ ಅಂತರವಾದರೆ ಶೇ. 4 ದಾಟುತ್ತದೆ. ಹಾಗಾಗಿ ಅಂತರ ಉದ್ದ ಇರಬೇಕು, ಎರಡೂ ಗಡಿಯಾರಗಳು ಜಿಪಿಎಸ್ ಸಮಯಕ್ಕೆ ಹೊಂದಿರಬೇಕು. ದೂರವನ್ನು ಅತಿ ಹತ್ತಿರದ ದಾರಿ ಹಿಡಿದು ಅಳೆಯಬೇಕು. ಆಗ ಅನುಮಾನದ ಲಾಭ ಓಡಿಸುವವರಿಗೇ ಸಿಗುತ್ತದೆ.

ಎಲ್ಲಕ್ಕಿಂತ ಮುಖ್ಯವಾದದ್ದು, ಇಲ್ಲಿ ಬ್ರೇಕ್ ಹಾಕಿ ಮತ್ತೆ ಓಡಿಸುವ ಉಪಾಯ ನಡೆಯುವುದಿಲ್ಲ. ಹತ್ತು ಕಿಲೋಮೀಟರ್ ಪೂರ್ತಿ ನಿಧಾನ ಹೋಗಲೇಬೇಕು. ಇಂಗ್ಲೆಂಡಿನಲ್ಲಿ ಇದು 1999ರಿಂದ ಇದೆ, ಹಾಲೆಂಡಿನ ಎ13 ರಸ್ತೆಯಲ್ಲಿ 2002ರಿಂದ, ಇಟಲಿಯ ಹೆದ್ದಾರಿಗಳಲ್ಲಿ 2005ರಿಂದ.

ನನಗೆ ಹೆಚ್ಚು ಹತ್ತಿರ ಅನಿಸುವುದು ಸ್ಕಾಟ್‌ಲೆಂಡಿನ ಎ9 ರಸ್ತೆಯ ಕತೆ. ಡನ್‌ಬ್ಲೇನಿನಿಂದ ಇನ್ವರ್ನೆಸ್‌ವರೆಗಿನ ಈ ರಸ್ತೆಯ ಬಹುಪಾಲು, ನಮ್ಮ ರಾಜ್ಯ ಹೆದ್ದಾರಿಗಳ ಹಾಗೆ, ಹೋಗಲು ಒಂದು ಪಥ, ಬರಲು ಒಂದು ಪಥ. ಓವರ್‌ಟೇಕ್ ಮಾಡಲು ಹೋಗಿ ಎದುರುಬದುರು ಗುದ್ದಿ ಸಾಯುವುದು ಅಲ್ಲಿಯ ದೊಡ್ಡ ಸಮಸ್ಯೆ. 2014ರ ಅಕ್ಟೋಬರಿನಲ್ಲಿ ಇಡೀ ರಸ್ತೆಗೆ ಸರಾಸರಿ ವೇಗದ ಕ್ಯಾಮೆರಾ ಹಾಕಿದರು. ಮೊದಲು ಬಹಳ ವಿರೋಧ ಬಂತು, ಕ್ಯಾಮೆರಾ ಬೇಡ, ರಸ್ತೆ ಅಗಲ ಮಾಡಿ ಎಂದು. ಕ್ಯಾಮೆರಾ ಬಂದ ಮೇಲೆ ಸಾವು ನೋವು ಇಳಿದವು. ಅದರ ಜೊತೆಯಲ್ಲೇ ಅವರು ಇನ್ನೊಂದು ಕೆಲಸ ಮಾಡಿದರು. ಒಂದು ಪಥದ ಭಾಗದಲ್ಲಿ ದೊಡ್ಡ ಲಾರಿಗಳ ಮಿತಿಯನ್ನು ಗಂಟೆಗೆ 40 ಮೈಲಿಯಿಂದ 50 ಮೈಲಿಗೆ ಏರಿಸಿದರು. ಲಾರಿ ತೀರಾ ನಿಧಾನವಾದರೆ ಹಿಂದಿನವರಿಗೆ ತಾಳ್ಮೆ ಕೆಡುತ್ತದೆ, ಓವರ್‌ಟೇಕ್ ಜಾಸ್ತಿಯಾಗುತ್ತದೆ. ವೇಗ ಹಿಡಿಯುವುದರ ಜೊತೆಗೆ ಜನ ಯಾಕೆ ಓಡಿಸುತ್ತಾರೆ ಎಂದೂ ಯೋಚಿಸಿದ್ದಾರೆ, ನೋಡಿ.

ಈ ಪದ್ಧತಿ ಎಲ್ಲ ಕಡೆಗೂ ಆಗುವುದಿಲ್ಲ. ನಡುವೆ ಹತ್ತಾರು ಅಡ್ಡರಸ್ತೆ ಇದ್ದರೆ ಅರ್ಧ ಗಾಡಿಗಳು ಎರಡನೇ ಕ್ಯಾಮೆರಾ ತನಕ ಬರುವುದೇ ಇಲ್ಲ. ಹಳೆಯ ಮೈಸೂರು ರಸ್ತೆಯಲ್ಲಿ ಇದನ್ನು ಹಾಕಿದರೆ, ಬಿಡದಿಯಲ್ಲಿ ನಿಂತು ತಟ್ಟೆ ಇಡ್ಲಿ ತಿಂದವರೆಲ್ಲ ಎಷ್ಟೇ ಜೋರಾಗಿ ಓಡಿಸಿದ್ದರೂ ಪಾರಾಗುತ್ತಾರೆ. ಒಳಗೆ ಬರುವ, ಹೊರಗೆ ಹೋಗುವ ದಾರಿಗಳು ನಿಗದಿಯಾಗಿರುವ ರಸ್ತೆಗೇ ಇದು ಹೇಳಿ ಮಾಡಿಸಿದ್ದು.

2023ರ ಮಾರ್ಚ್ 12ರಂದು ಉದ್ಘಾಟನೆಯಾದ ಬೆಂಗಳೂರು–ಮೈಸೂರು ಹೆದ್ದಾರಿ ಅಂಥದ್ದೇ. ಅದೇ ವರ್ಷ ಆಗಸ್ಟ್ 1ರಿಂದ ಮುಖ್ಯ ಪಥಗಳಲ್ಲಿ ಬೈಕ್, ಆಟೊ, ಟ್ರ್ಯಾಕ್ಟರ್ ನಿಷೇಧಿಸಿದರು. ಮಿತಿ 100 ಕಿ.ಮೀ. ಎಂದು ಬಿಗಿ ಮಾಡಿದರು, ಲೇಸರ್ ಗನ್ ಹಿಡಿದು ಪೊಲೀಸರು ನಿಂತರು, ಮುಂದೆ ಕ್ಯಾಮೆರಾಗಳೂ ಬಂದವು. 2024ರ ಆಗಸ್ಟ್‌ನಿಂದ 130 ದಾಟಿದರೆ ಎಫ್‌ಐಆರ್ ಎಂದೂ ಪೊಲೀಸರು ಹೇಳಿದರು. 2024ರಲ್ಲಿ ಅಲ್ಲಿ ಸಾವುಗಳು ಹಿಂದಿನ ವರ್ಷಕ್ಕಿಂತ ಬಹಳ ಇಳಿದವು. ಶ್ರೇಯಸ್ಸು ಕ್ಯಾಮೆರಾ ಒಂದಕ್ಕೇ ಕೊಡುವುದು ತಪ್ಪಾಗುತ್ತದೆ. ಎಲ್ಲ ಕ್ರಮಗಳೂ ಒಟ್ಟಿಗೆ ಕೆಲಸ ಮಾಡಿವೆ. ಆದರೆ ವೇಗಕ್ಕೂ ಸಾವಿಗೂ ಎಷ್ಟು ನಂಟಿದೆ ಎಂದು ತಿಳಿಯಲು ಬೇರೆ ದೇಶಕ್ಕೆ ಹೋಗಬೇಕಾಗಿಲ್ಲ.

ಸರಾಸರಿ ಪದ್ಧತಿ ನಿಂತಿರುವುದೇ ನಂಬರ್ ಪ್ಲೇಟಿನ ಮೇಲೆ. ಕೆಸರು ಮೆತ್ತಿದ ಪ್ಲೇಟ್, ಚಿತ್ತಾರದ ಅಕ್ಷರ, ಮಡಚಿದ ತಗಡು ಇದ್ದರೆ ಕ್ಯಾಮೆರಾ ಸೋಲುತ್ತದೆ. 2019ರ ಏಪ್ರಿಲ್‌ಗಿಂತ ಹಳೆಯ ಗಾಡಿಗಳಿಗೂ ಎಚ್‌ಎಸ್‌ಆರ್‌ಪಿ ಪ್ಲೇಟ್ ಹಾಕಿಸಿ ಎಂದು ನಮ್ಮ ಸರ್ಕಾರ 2023ರಲ್ಲಿ ಆದೇಶಿಸಿದಾಗ ಜನ ಗೊಣಗಿದರು. ಆದರೆ ಅಕ್ಷರದ ಗಾತ್ರ, ಅಂತರ, ಹೊಳಪು ಒಂದೇ ತರಹ ಇದ್ದರೆ ಕ್ಯಾಮೆರಾ ಓದುವುದು ತುಂಬ ಸುಲಭ. ಬೈಕುಗಳ ಮುಂದಿನ ಪ್ಲೇಟ್ ಚಿಕ್ಕದು, ಬಾಗಿರುತ್ತದೆ. ಆದ್ದರಿಂದ ಬೈಕ್ ಜಾಸ್ತಿ ಇರುವ ರಸ್ತೆಯಲ್ಲಿ ಕ್ಯಾಮೆರಾ ಹಿಂದಿನಿಂದ ಫೋಟೊ ತೆಗೆಯುವಂತಿರಬೇಕು.

ಇನ್ನೊಂದು ಮಾತು. ರೇಡಾರ್ ತಪ್ಪು ಮಾಡಿದವರ ಫೋಟೊ ಮಾತ್ರ ತೆಗೆಯುತ್ತದೆ. ಸರಾಸರಿ ಪದ್ಧತಿ ಎಲ್ಲರ ನಂಬರನ್ನೂ ಬರೆದಿಟ್ಟುಕೊಳ್ಳುತ್ತದೆ. ಜರ್ಮನಿಯ ಲೋವರ್ ಸ್ಯಾಕ್ಸನಿಯಲ್ಲಿ ಇದೇ ಕಾರಣಕ್ಕೆ 2019ರಲ್ಲಿ ಕೋರ್ಟ್ ಅದನ್ನು ನಿಲ್ಲಿಸಿತ್ತು. ಸರಿಯಾದ ಕಾನೂನು ಬಂದ ಮೇಲೆ ಮತ್ತೆ ಶುರುವಾಯಿತು. ಮಿತಿಯೊಳಗೆ ಹೋದವರ ವಿವರವನ್ನು ಎಷ್ಟು ಹೊತ್ತಿನಲ್ಲಿ ಅಳಿಸುತ್ತೀರಿ ಎಂದು ಕೇಳುವುದು ನಮ್ಮ ಹಕ್ಕು.

ಯಂತ್ರಕ್ಕಿಂತ ಕಾಗದ ಮುಖ್ಯ

ಯಾವ ಬಗೆಯನ್ನೇ ಆರಿಸಿ, ಜನ ನಂಬದಿದ್ದರೆ ಅದು ಉಳಿಯುವುದಿಲ್ಲ. ಕೆನಡಾದ ಒಂಟಾರಿಯೊದಲ್ಲಿ 2025ರ ನವೆಂಬರಿನಲ್ಲಿ ಸ್ಪೀಡ್ ಕ್ಯಾಮೆರಾಗಳನ್ನೇ ನಿಷೇಧಿಸಿದರು. ಅಲ್ಬರ್ಟಾದಲ್ಲಿ ಅದೇ ವರ್ಷ ಫೋಟೊ ರೇಡಾರನ್ನು ಹೆಚ್ಚಾಗಿ ಶಾಲೆ, ಆಟದ ಮೈದಾನ, ಕಾಮಗಾರಿ ನಡೆಯುವ ಜಾಗಗಳಿಗೆ ಸೀಮಿತ ಮಾಡಿದರು. ಎರಡೂ ಕಡೆ ಇದ್ದ ದೂರು ಒಂದೇ: ಇದು ಜೀವ ಉಳಿಸಲು ಅಲ್ಲ, ದುಡ್ಡು ಮಾಡಲು. ಒಂಟಾರಿಯೊದಲ್ಲಿ ಮಾಡಿದ್ದು ನನಗೆ ಸರಿ ಕಾಣುವುದಿಲ್ಲ. ಶಾಲೆ ಮುಂದಿನ ಕ್ಯಾಮೆರಾಗಳೂ ಅದರ ಜೊತೆ ಹೋದವು. ಆದರೆ ಆ ಸಿಟ್ಟು ಹುಟ್ಟದ ಹಾಗೆ ನಾವು ಮೊದಲೇ ನೋಡಿಕೊಳ್ಳಬಹುದು.

ನಮ್ಮ ಕಾನೂನಿನಲ್ಲಿ ಅದಕ್ಕೆ ದಾರಿ ಇದೆ. 2021ರ ಆಗಸ್ಟ್‌ನಲ್ಲಿ ಬಂದ ಕೇಂದ್ರ ಮೋಟಾರು ವಾಹನ ನಿಯಮ 167ಎ ಪ್ರಕಾರ ಯಂತ್ರ ಸರಿಯಾಗಿದೆ ಎಂಬ ಪ್ರಮಾಣಪತ್ರ ಇರಬೇಕು, ಅದನ್ನು ಪ್ರತಿ ವರ್ಷ ನವೀಕರಿಸಬೇಕು. ಕ್ಯಾಮೆರಾ ಇರುವ ಜಾಗಕ್ಕೆ ಮುಂಚೆಯೇ ಕಾಣುವ ಹಾಗೆ ಬೋರ್ಡ್ ಹಾಕಬೇಕು. ಚಲನ್‌ನಲ್ಲಿ ನಂಬರ್ ಕಾಣುವ ಫೋಟೊ, ಯಂತ್ರ ಅಳೆದ ವೇಗ, ದಿನ, ಹೊತ್ತು, ಜಾಗ ಎಲ್ಲ ಇರಬೇಕು. ಇದರ ಮೇಲೆ, 2025ರ ಜುಲೈ 1ರಿಂದ ವೇಗ ಅಳೆಯುವ ರೇಡಾರ್ ಉಪಕರಣಗಳು ಕಾನೂನು ಮಾಪನಶಾಸ್ತ್ರದ ನಿಯಮದೊಳಗೆ ಬಂದಿವೆ. ತಕ್ಕಡಿಗೆ, ಪೆಟ್ರೋಲ್ ಪಂಪಿಗೆ ಪರೀಕ್ಷೆ ಮಾಡಿ ಮುದ್ರೆ ಹಾಕುವ ಇಲಾಖೆಯೇ ಇವಕ್ಕೂ ಪರೀಕ್ಷೆ ಮಾಡಿ ಮುದ್ರೆ ಹಾಕಬೇಕು. ಈ ಕಾಗದಗಳನ್ನು ಮಾಹಿತಿ ಹಕ್ಕಿನಲ್ಲಿ ಕೇಳಬಹುದು. ಕ್ಯಾಮೆರಾ ಬೇಕು ಎನ್ನುವವರೇ ಇದನ್ನು ಮೊದಲು ಕೇಳಬೇಕು.

ಕ್ಯಾಮೆರಾ ಕಂಪನಿಗೆ ಚಲನ್ ಲೆಕ್ಕದಲ್ಲಿ ದುಡ್ಡು ಕೊಡುವ ಒಪ್ಪಂದ ಮಾತ್ರ ಬೇಡವೇ ಬೇಡ. ಜನ ನಿಧಾನವಾಗಿ ಹೋದರೆ ಕಂಪನಿಗೆ ನಷ್ಟ ಎನ್ನುವ ಹಾಗಾಗುತ್ತದೆ. ತಿಂಗಳಿಗೆ ಇಷ್ಟು ಎಂದು ಕೊಡಲಿ, ಯಂತ್ರ ಕೆಟ್ಟು ನಿಂತ ದಿನಗಳಿಗೆ ಕಡಿತ ಮಾಡಲಿ.

ಹಾಗಾದರೆ ನಿಮ್ಮ ರಸ್ತೆಗೆ?

ಊರ ನಡುವೆ ರಸ್ತೆ ಹೋಗುತ್ತದೆ, ಮಕ್ಕಳು, ವಯಸ್ಸಾದವರು ಒಂದೇ ಕಡೆ ದಾಟುತ್ತಾರೆ ಎಂದರೆ ರೇಡಾರ್ ಕೇಳಿ. ನೇರ ರಸ್ತೆಯಲ್ಲಿ ಇರಲಿ, ನೆಲದ ಮೇಲೆ ಗೆರೆ ಇರಲಿ, ಕಂಬಕ್ಕೆ ಕಣ್ಣಿಗೆ ರಾಚುವ ಬಣ್ಣ ಇರಲಿ. ಬಚ್ಚಿಟ್ಟ ಕ್ಯಾಮೆರಾ ಚಲನ್ ಹೆಚ್ಚಿಸುತ್ತದೆ, ಕಾಣುವ ಕ್ಯಾಮೆರಾ ವೇಗ ಇಳಿಸುತ್ತದೆ.

ಬೈಪಾಸ್, ಟೋಲ್ ರಸ್ತೆ, ಅಡ್ಡದಾರಿ ಕಡಿಮೆ ಇರುವ ಉದ್ದನೆಯ ಹೆದ್ದಾರಿ ಆದರೆ ಸರಾಸರಿ ವೇಗದ ಪದ್ಧತಿ. ಎರಡು ಪಥದ ರಾಜ್ಯ ಹೆದ್ದಾರಿಯಲ್ಲೂ ಊರು ಮತ್ತು ಊರಿನ ನಡುವಿನ ಖಾಲಿ ಭಾಗಕ್ಕೆ ಇದೇ ಆಗಬಹುದು.

ಅಪಘಾತ ಒಮ್ಮೆ ಇಲ್ಲಿ, ಒಮ್ಮೆ ಅಲ್ಲಿ ಆಗುತ್ತಿದೆ, ಕಾರಣ ಸ್ಪಷ್ಟವಿಲ್ಲ ಎಂದರೆ ಕಂಬಕ್ಕೆ ದುಡ್ಡು ಹಾಕಬೇಡಿ. ಲೇಸರ್ ಗನ್ ತಂಡ ಬರಲಿ. ಘಾಟಿಯ ತಿರುವುಗಳಲ್ಲಿ ಮೊದಲು ತಡೆಗೋಡೆ, ಸೂಚನಾ ಫಲಕ, ರಾತ್ರಿ ಹೊಳೆಯುವ ಗುರುತು ಕೇಳಿ. ಅಲ್ಲಿ 60 ಕಿ.ಮೀ. ಮಿತಿಯೊಳಗೇ ಹೋಗಿ ಕಂದಕಕ್ಕೆ ಬೀಳಬಹುದು. ಅದನ್ನು ಯಾವ ರೇಡಾರೂ ತಡೆಯುವುದಿಲ್ಲ.

ಮನವಿ ಕೊಡಬೇಕಾದದ್ದು ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಜಿಲ್ಲಾ ರಸ್ತೆ ಸುರಕ್ಷತಾ ಸಮಿತಿಗೆ. ರಾಷ್ಟ್ರೀಯ ಹೆದ್ದಾರಿಯ 500 ಮೀಟರಿನೊಳಗೆ ಮೂರು ವರ್ಷದಲ್ಲಿ ಸಾವು ಅಥವಾ ತೀವ್ರ ಗಾಯದ ಐದು ಅಪಘಾತ, ಇಲ್ಲವೇ ಹತ್ತು ಸಾವು ಆಗಿದ್ದರೆ ಅದು ಸರ್ಕಾರದ ಲೆಕ್ಕದಲ್ಲೇ ‘ಬ್ಲ್ಯಾಕ್ ಸ್ಪಾಟ್’. ಪೊಲೀಸ್ ಠಾಣೆಯಿಂದ ಅಪಘಾತಗಳ ಪಟ್ಟಿ ತೆಗೆದುಕೊಂಡು ಮನವಿಗೆ ಲಗತ್ತಿಸಿ. ಕ್ಯಾಮೆರಾ ಬಂದ ಆರು ತಿಂಗಳಿಗೆ ಮತ್ತೆ ಅದೇ ಸಮಿತಿಗೆ ಹೋಗಿ ಎರಡು ಅಂಕಿ ಕೇಳಿ. ಎಷ್ಟು ಚಲನ್ ಹಾಕಿದಿರಿ ಎಂದಲ್ಲ. ಆ ಜಾಗದಲ್ಲಿ ಗಾಡಿಗಳ ಸರಾಸರಿ ವೇಗ ಎಷ್ಟು ಇಳಿಯಿತು, ಅಪಘಾತ ಎಷ್ಟು ಕಡಿಮೆಯಾಯಿತು ಎಂದು. ಎರಡೂ ಇಳಿಯದಿದ್ದರೆ ಯಂತ್ರದ ಜಾಗ ಬದಲಿಸಲು, ಇಲ್ಲವೇ ಬೇರೆ ಬಗೆಯದನ್ನು ಹಾಕಲು ಅಲ್ಲೇ ಲಿಖಿತವಾಗಿ ಕೇಳಿ.